ಆನೆಗೊಂದಿಯ ಗುಂಡುಬಂಡೆಯಿಂದ ರಾಷ್ಟ್ರೀಯ ಗೋಡೆಯವರೆಗೆ: ಸ್ಪೋರ್ಟ್ ಕ್ಲೈಂಬಿಂಗ್ ಸ್ಪರ್ಧೆ ನಡೆಯುವ ಬಗೆ

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಪೋರ್ಟ್ ಕ್ಲೈಂಬಿಂಗ್‌ಗೆ, ಅಂದರೆ ಕಟ್ಟಿದ ಗೋಡೆ ಹತ್ತುವ ಆಟಕ್ಕೆ, ಆರು ಚಿನ್ನದ ಪದಕಗಳಿವೆ. ಟೋಕಿಯೊದಲ್ಲಿ ಎರಡೇ ಇದ್ದವು, ಪ್ಯಾರಿಸ್‌ನಲ್ಲಿ ನಾಲ್ಕಾದವು. ಅದೇ ವರ್ಷದ ಪ್ಯಾರಾಲಿಂಪಿಕ್ಸ್‌ಗೂ ಈ ಆಟ ಮೊದಲ ಸಲ ಸೇರುತ್ತಿದೆ. ಹಾಗಾಗಿ ಹಂಪಿ ಬಳಿಯ ಆನೆಗೊಂದಿ, ಸಾಣಾಪುರದ ಗುಂಡುಬಂಡೆಗಳ ಮೇಲೆ ಬೆರಳು ಗಟ್ಟಿ ಮಾಡಿಕೊಂಡ ಹುಡುಗ ಹುಡುಗಿಯರು ಮನೆಗೆ ಬಂದು ‘ವಲಯ ಸ್ಪರ್ಧೆಗೆ ಹೋಗಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ರಿ’ ಎಂದರೆ ಅಪ್ಪ-ಅವ್ವನಿಗೆ ಏನು ತಿಳಿದಿರಬೇಕು ಎಂಬುದು ಈಗ ನಿಜವಾದ ಪ್ರಶ್ನೆ.

ಗಂಗಾವತಿ ಸೀಮೆಯಲ್ಲಿ ಬಂಡೆ ಹತ್ತುವವರನ್ನು ಕಾಣದವರು ಕಡಿಮೆ. ಚಳಿಗಾಲ ಬಂತೆಂದರೆ ದಪ್ಪ ಮ್ಯಾಟು ಬೆನ್ನಿಗೆ ಹೊತ್ತು ಗದ್ದೆಯ ಬದುವಿನ ಮೇಲೆ ಸಾಲಾಗಿ ನಡೆಯುತ್ತಾರೆ. ಆದರೆ ಸ್ಪರ್ಧೆ ನಡೆಯುವುದು ಮನುಷ್ಯ ಕಟ್ಟಿದ ಗೋಡೆಯ ಮೇಲೆ. ಅಲ್ಲಿ ಅಳೆಯುವುದು ಧೈರ್ಯವನ್ನಲ್ಲ. ಹಿಂದೆಂದೂ ಮುಟ್ಟದ ದಾರಿಯನ್ನು, ಗಡಿಯಾರ ಓಡುತ್ತಿರುವಾಗ, ಎಷ್ಟು ಸರಿಯಾಗಿ ಓದಿ ಏರುತ್ತೀರಿ ಎಂಬುದನ್ನು. ನಮ್ಮ ಬಂಡೆ ಈ ವಿದ್ಯೆಯ ಅರ್ಧ ಭಾಗವನ್ನು ಬಹಳ ಚೆನ್ನಾಗಿ ಕಲಿಸುತ್ತದೆ. ಉಳಿದರ್ಧವನ್ನು ಬೇರೆಯಾಗಿಯೇ ಕಲಿಯಬೇಕು.

ಗೋಡೆ, ಹೋಲ್ಡ್, ರೂಟ್

ಕ್ಲೈಂಬಿಂಗ್ ಗೋಡೆ ಎಂದರೆ ಕಬ್ಬಿಣದ ಚೌಕಟ್ಟಿಗೆ ಬಿಗಿದ ಪ್ಲೈವುಡ್ ಹಲಗೆಗಳು. ಹಲಗೆಯ ತುಂಬ ರಂಧ್ರಗಳು. ಪ್ರತಿ ರಂಧ್ರದ ಹಿಂದೆ ಬೋಲ್ಟ್ ಹಿಡಿಯುವ ಟಿ-ನಟ್ ಎಂಬ ನಟ್ ಇರುತ್ತದೆ. ಪ್ಲಾಸ್ಟಿಕ್ ರಾಳದಿಂದ ಎರಕ ಹೊಯ್ದ ಹಿಡಿಗಳನ್ನು 10 ಮಿ.ಮೀ. ಬೋಲ್ಟ್‌ನಿಂದ ಅದಕ್ಕೆ ಬಿಗಿಯುತ್ತಾರೆ. ಇವೇ ಹೋಲ್ಡ್‌ಗಳು. ಕೈತುಂಬ ಸಿಗುವುದು ಜಗ್, ಬೆರಳ ತುದಿಯಷ್ಟೇ ಕೂರುವುದು ಕ್ರಿಂಪ್, ಅಂಚೇ ಇಲ್ಲದ ಉರುಟು ಸ್ಲೋಪರ್, ಹೆಬ್ಬೆರಳು ಸೇರಿಸಿ ಹಿಂಡುವುದು ಪಿಂಚ್. ಗೋಡೆಗೆ ಜೋಡಿಸುವ ದೊಡ್ಡ ಮರದ ತ್ರಿಕೋನ, ಪೆಟ್ಟಿಗೆಯಂಥ ಆಕಾರಗಳಿಗೆ ವಾಲ್ಯೂಮ್ ಎನ್ನುತ್ತಾರೆ.

ಕೆಳಗಿನಿಂದ ಮೇಲಿನವರೆಗೆ ಹೋಲ್ಡ್ ಜೋಡಿಸಿ ಮಾಡಿದ ದಾರಿಯೇ ರೂಟ್. ಇದನ್ನು ಜೋಡಿಸುವವರು ರೂಟ್ ಸೆಟ್ಟರ್‌ಗಳು, ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆಯುವವರಿದ್ದಂತೆ. ಎಲ್ಲರೂ ಹತ್ತಿಬಿಡುವಷ್ಟು ಸುಲಭವಾದರೂ, ಎಲ್ಲರೂ ಒಂದೇ ಕಡೆ ಬೀಳುವಷ್ಟು ಕಠಿಣವಾದರೂ ಯಾರು ಮೇಲು ಎಂದು ತಿಳಿಯುವುದಿಲ್ಲ. ಅದಕ್ಕೇ ಒಳ್ಳೆಯ ಸೆಟ್ಟರ್ ಹೆಜ್ಜೆಹೆಜ್ಜೆಗೂ ಕಷ್ಟ ಏರಿಸುತ್ತಾ ಹೋಗುತ್ತಾರೆ, ಒಬ್ಬೊಬ್ಬರು ಒಂದೊಂದು ಕಡೆ ಉದುರಲಿ ಎಂದು.

ಬೋಲ್ಟ್ ರಂಧ್ರದೊಳಗೆ ಬೆರಳು ತೂರಿಸುವಂತಿಲ್ಲ. ಗೋಡೆಯ ಪಕ್ಕದ ಅಂಚನ್ನು, ಹಗ್ಗ ಸಿಕ್ಕಿಸುವ ಕೊಂಡಿಗಳನ್ನು ಹಿಡಿಯುವಂತಿಲ್ಲ. ಕಪ್ಪು ಟೇಪು ಅಂಟಿಸಿದ ಗೆರೆಯ ಆಚೆಗೆ ಕೈಕಾಲು ಇಡುವಂತಿಲ್ಲ. ಬಂಡೆಯ ಮೇಲೆ ಸಿಕ್ಕಿದ್ದನ್ನೆಲ್ಲ ಹಿಡಿದು ರೂಢಿಯಾದ ಮಕ್ಕಳು ಮೊದಲ ಸ್ಪರ್ಧೆಯಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ.

ಸ್ಪೀಡ್: ಎಲ್ಲರಿಗೂ ಒಂದೇ ದಾರಿ

ಸ್ಪೀಡ್, ಲೀಡ್, ಬೌಲ್ಡರಿಂಗ್ ಎಂಬ ಮೂರು ವಿಭಾಗಗಳಲ್ಲಿ ಸ್ಪೀಡ್ ಅರ್ಥವಾಗುವುದು ಸುಲಭ. ಗೋಡೆ 15 ಮೀಟರ್ ಎತ್ತರ, 5 ಡಿಗ್ರಿಯಷ್ಟು ಮುಂದಕ್ಕೆ ಬಾಗಿರುತ್ತದೆ. ಅಂದರೆ ತುದಿಯು ಬುಡಕ್ಕಿಂತ ಸುಮಾರು 1.3 ಮೀಟರ್ ಮುಂದೆ. 20 ಕೈ ಹೋಲ್ಡ್, 11 ಸಣ್ಣ ಕಾಲು ಹೋಲ್ಡ್. ಜಗತ್ತಿನ ಯಾವ ಊರಿನ ಸ್ಪರ್ಧಾ ಗೋಡೆಗೆ ಹೋದರೂ ಇದೇ ಜೋಡಣೆ. ಹಾಗಾಗಿ ಇದನ್ನು ಮುಂಚೆಯೇ ಸಾವಿರ ಸಲ ಅಭ್ಯಾಸ ಮಾಡಬಹುದು. ವಿಶ್ವದರ್ಜೆಯ ಪುರುಷರು 5 ಸೆಕೆಂಡಿನೊಳಗೆ ಮೇಲಿರುತ್ತಾರೆ. ಮಹಿಳೆಯರ ಅತ್ಯುತ್ತಮ ಸಮಯ 6 ಸೆಕೆಂಡಿನ ಆಸುಪಾಸಿನಲ್ಲಿದೆ.

ಇಬ್ಬರು ಪಕ್ಕಪಕ್ಕದ ಲೇನ್‌ಗಳಲ್ಲಿ ನಿಲ್ಲುತ್ತಾರೆ. ಮೂರು ಬೀಪ್ ಕೇಳಿಸುತ್ತದೆ, ಮೂರನೆಯದರ ಸ್ವರ ಎತ್ತರದ್ದು. ಅದಕ್ಕೆ ಹೊರಡಬೇಕು. ಕಾಲಡಿಯ ಪ್ಯಾಡ್ ಗಡಿಯಾರಕ್ಕೆ ಜೋಡಿಸಿರುತ್ತದೆ. ಬೀಪ್ ಆಗಿ 0.1 ಸೆಕೆಂಡ್ ತುಂಬುವ ಮೊದಲೇ ಕಾಲು ಬಿಟ್ಟರೆ ತಪ್ಪು ಆರಂಭ, ಏಕೆಂದರೆ ಅಷ್ಟು ಬೇಗ ಸದ್ದು ಕೇಳಿ ಹೊರಡಲು ಮನುಷ್ಯನ ದೇಹಕ್ಕೆ ಆಗುವುದಿಲ್ಲ, ಊಹಿಸಿಯೇ ಹೊರಟಿರಬೇಕು. ಮೇಲಿನ ಪ್ಯಾಡನ್ನು ಕೈಯಿಂದ ಹೊಡೆದಾಗ ಸಮಯ ನಿಲ್ಲುತ್ತದೆ. ಪ್ಯಾಡನ್ನು ಸವರಿ ಹೋದರೆ ಗಡಿಯಾರ ನಿಲ್ಲದೆ ಗೆದ್ದ ಓಟವೇ ಕೈತಪ್ಪುವುದುಂಟು. ಆದ್ದರಿಂದ ಕೊನೆಯ ಜಿಗಿತಕ್ಕೆ ಪ್ರತ್ಯೇಕ ಅಭ್ಯಾಸ ಬೇಕು.

ಅರ್ಹತಾ ಸುತ್ತಿನ ಸಮಯ ನೋಡಿ 16 ಜನರನ್ನು ಆರಿಸಿ, ಇಬ್ಬಿಬ್ಬರನ್ನು ಓಡಿಸಿ, ಸೋತವರನ್ನು ಹೊರಗಿಡುತ್ತಾ ಹೋಗುತ್ತಾರೆ. ಸ್ಪರ್ಧಿಗಳು ಕಡಿಮೆಯಿದ್ದರೆ ಎಂಟು ಇಲ್ಲವೇ ನಾಲ್ಕು ಜನ.

ಲೀಡ್: ಎಷ್ಟು ಎತ್ತರ, ಎಷ್ಟು ಹಿಡಿತ

ಲೀಡ್‌ನಲ್ಲಿ ಹಗ್ಗ ಮೇಲಿನಿಂದ ಇಳಿಬಿದ್ದಿರುವುದಿಲ್ಲ. ಏರುವವರೇ ಸೊಂಟಕ್ಕೆ ಬಿಗಿದ ಹಾರ್ನೆಸ್ ಎಂಬ ಪಟ್ಟಿಗೆ ಎಂಟರಾಕಾರದ ಗಂಟು ಹಾಕಿ ಹಗ್ಗವನ್ನು ಹೊತ್ತೊಯ್ದು, ಗೋಡೆಯ ಮೇಲೆ ಸಾಲಾಗಿ ತೂಗುವ ಕ್ವಿಕ್‌ಡ್ರಾ ಎಂಬ ಕೊಂಡಿಗಳಿಗೆ ಒಂದೊಂದಾಗಿ ಸಿಕ್ಕಿಸುತ್ತಾ ಹೋಗಬೇಕು. ಕೆಳಗೆ ನಿಂತು ಹಗ್ಗ ಬಿಡುತ್ತಾ, ಬಿದ್ದಾಗ ಹಿಡಿಯುವವರು ಬಿಲೇಯರ್. ಸ್ಪರ್ಧೆಯಲ್ಲಿ ಬಿಲೇಯರ್‌ಗಳನ್ನು ಸಂಘಟಕರೇ ಕೊಡುತ್ತಾರೆ.

ಅಪ್ಪ-ಅವ್ವ ಮೊದಲು ಕೇಳುವುದು ಬೀಳುವ ಬಗ್ಗೆಯೇ. ಕೊನೆಯ ಕೊಂಡಿಗಿಂತ 1 ಮೀಟರ್ ಮೇಲಿದ್ದಾಗ ಜಾರಿದರೆ ಕೊಂಡಿಯವರೆಗೆ 1 ಮೀಟರ್, ಅದರ ಕೆಳಗೆ ಮತ್ತೆ 1 ಮೀಟರ್. ಅದರ ಮೇಲೆ ಹಗ್ಗದ ಸಡಿಲು ಮತ್ತು ಎಳೆತ ಸೇರುತ್ತದೆ. ಕ್ಲೈಂಬಿಂಗ್ ಹಗ್ಗ ಬೇಕೆಂದೇ ಹಿಗ್ಗುವಂತೆ ನೇಯ್ದದ್ದು, ಹಿಗ್ಗಿದಾಗ ಪೆಟ್ಟು ಹಗುರಾಗುತ್ತದೆ. ಬಾವಿಗೆ ಬಳಸುವ ನೈಲಾನ್ ಮಿಣಿ, ಲಾರಿಗೆ ಕಟ್ಟುವ ಹಗ್ಗ ಎಷ್ಟೇ ದಪ್ಪವಿದ್ದರೂ ಈ ಕೆಲಸಕ್ಕೆ ಬಾರದು. ಬಿದ್ದ ಪೆಟ್ಟು ನೇರ ಸೊಂಟಕ್ಕೂ ಬೆನ್ನಿಗೂ ಹೋಗುತ್ತದೆ. ಅತಿ ಅಪಾಯವಿರುವುದು ಮೇಲಲ್ಲ, ಮೊದಲ ಎರಡು ಮೂರು ಕೊಂಡಿಗಳ ಹತ್ತಿರ. ಅಲ್ಲಿ ಹಗ್ಗ ಬಿಗಿಯಾಗುವ ಮೊದಲೇ ನೆಲ ಸಿಗಬಹುದು.

ಹಗ್ಗ ಸಿಕ್ಕಿಸುವುದರಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಹಿಂದಿನ ಕೊಂಡಿಯ ಕೆಳಗಿನ ಹಗ್ಗವನ್ನು ಗಡಿಬಿಡಿಯಲ್ಲಿ ಎಳೆದು ಮುಂದಿನದಕ್ಕೆ ಹಾಕಿದರೆ ಹಗ್ಗ ‘ಝಡ್’ ಆಕಾರಕ್ಕೆ ತಿರುಚಿ, ಮುಂದೆ ಎಳೆಯಲಾಗದಷ್ಟು ಬಿಗಿಯುತ್ತದೆ. ಹತ್ತುವವರ ಕಡೆಗಿನ ಹಗ್ಗ ಗೋಡೆಯ ಬದಿಯಿಂದ ಹೊರಬರುವಂತೆ ಉಲ್ಟಾ ಹಾಕಿದರೆ, ಬಿದ್ದಾಗ ಕೊಂಡಿಯ ಬಾಗಿಲು ತೆರೆದು ಹಗ್ಗ ಹೊರಬೀಳುವ ಸಂಭವವಿದೆ. ಕೊಂಡಿಗಳನ್ನು ಕ್ರಮವಾಗಿಯೇ ಹಾಕಬೇಕು. ಒಂದನ್ನು ಬಿಟ್ಟು ಮುಂದೆ ಹೋದರೆ ತೀರ್ಪುಗಾರರು ಅಲ್ಲಿಗೇ ನಿಲ್ಲಿಸುತ್ತಾರೆ.

ಅಂಕ ಹೀಗೆ: ಪ್ರತಿ ಹೋಲ್ಡ್‌ಗೂ ಕೆಳಗಿನಿಂದ ಸಂಖ್ಯೆ. 22ನೆಯ ಹೋಲ್ಡನ್ನು ಹಿಡಿದು ದೇಹ ಸ್ಥಿರವಾದರೆ ಅಂಕ 22. ಅಲ್ಲಿಂದ 23ರ ಕಡೆಗೆ ನಿಜವಾಗಿ ಚಲಿಸಿ ಬಿದ್ದರೆ 22+. ಬರಿದೆ ಬೆರಳು ತಾಗಿಸಿದರೆ ಏನೂ ಇಲ್ಲ. ಸಮಯ 6 ನಿಮಿಷ, ಅವಕಾಶ ಒಂದೇ. ಕೊನೆಯ ಕೊಂಡಿಗೆ ಹಗ್ಗ ಹಾಕಿದರೆ ‘ಟಾಪ್’. ಎಲ್ಲ ಏರಿದ ಮೇಲೆ ಕೊನೆಯ ಕೊಂಡಿಗೆ ಹಾಕುವ ಮುಂಚೆ ಕೈ ಸೋತರೆ ಟಾಪ್ ಇಲ್ಲ.

ಅರ್ಹತಾ ಸುತ್ತಿನಲ್ಲಿ ಎರಡು ರೂಟ್‌ಗಳಿರುತ್ತವೆ. ಎರಡರ ಸ್ಥಾನಗಳನ್ನು ಕೂಡಿ ಸರಾಸರಿ ತೆಗೆಯುವುದಿಲ್ಲ, ಗುಣಿಸಿ ವರ್ಗಮೂಲ ತೆಗೆಯುತ್ತಾರೆ. ಒಬ್ಬಳು 4 ಮತ್ತು 9ನೇ ಸ್ಥಾನ ಪಡೆದರೆ ಗುಣಲಬ್ಧ 36, ವರ್ಗಮೂಲ 6. ಇನ್ನೊಬ್ಬಳು ಒಂದರಲ್ಲಿ 1ನೇ ಸ್ಥಾನ, ಮತ್ತೊಂದರಲ್ಲಿ 36ನೇ ಸ್ಥಾನ ಪಡೆದರೂ ಅದೇ 6. ಒಂದು ರೂಟ್‌ನಲ್ಲಿ ಕಾಲು ಜಾರಿ ಬೇಗ ಬಿದ್ದ ಮಗು ‘ಎಲ್ಲಾ ಮುಗೀತು’ ಎಂದು ಕೂತುಬಿಡಬಾರದು ಎನ್ನುವುದು ಇದಕ್ಕಾಗಿ. ಇನ್ನೊಂದರಲ್ಲಿ ಅಸಾಧಾರಣವಾಗಿ ಏರಿದರೆ ಮೇಲಿನ ಸುತ್ತು ಇನ್ನೂ ಕೈಯಳತೆಯಲ್ಲೇ ಇರುತ್ತದೆ.

ಬೌಲ್ಡರಿಂಗ್: ಹಗ್ಗವಿಲ್ಲ, ಮ್ಯಾಟಿದೆ

ನಮ್ಮ ಕಡೆಯ ಗುಂಡು ಹತ್ತುವ ಆಟಕ್ಕೆ ಹತ್ತಿರವಾದದ್ದು ಇದು. ಗೋಡೆ ಸುಮಾರು 4 ಮೀಟರ್ ಎತ್ತರ, ಕೆಳಗೆ ದಪ್ಪ ಮ್ಯಾಟು. ಇಲ್ಲಿನ ಚಿಕ್ಕ ದಾರಿಗೆ ‘ಸಮಸ್ಯೆ’ ಎನ್ನುತ್ತಾರೆ. ಪ್ರತಿ ಸಮಸ್ಯೆಯಲ್ಲಿ ಆರಂಭದ ಹೋಲ್ಡ್, ನಡುವೆ ‘ಝೋನ್’, ಕೊನೆಗೆ ‘ಟಾಪ್’ ಗುರುತಿಸಿರುತ್ತಾರೆ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು, ಆದರೆ ಸಮಯ ಮಿತ. ಅರ್ಹತಾ ಸುತ್ತಿನಲ್ಲಿ ಐದು ಸಮಸ್ಯೆ, ಒಂದೊಂದಕ್ಕೆ 5 ನಿಮಿಷ, ನಡುವೆ 5 ನಿಮಿಷ ವಿಶ್ರಾಂತಿ. ಫೈನಲ್‌ನಲ್ಲಿ ನಾಲ್ಕು ಸಮಸ್ಯೆ, ಒಂದೊಂದಕ್ಕೆ 4 ನಿಮಿಷ. ಇದು ಅಂತಾರಾಷ್ಟ್ರೀಯ ಕ್ರಮ. ದೇಶದೊಳಗಿನ ಸ್ಪರ್ಧೆಯಲ್ಲಿ ಸ್ಪರ್ಧಿಗಳ ಸಂಖ್ಯೆ ನೋಡಿ ಸಮಸ್ಯೆಗಳೂ ಸುತ್ತುಗಳೂ ಹೆಚ್ಚು ಕಡಿಮೆಯಾಗುತ್ತವೆ.

2025ರಲ್ಲಿ ಅಂತಾರಾಷ್ಟ್ರೀಯ ಅಂಕಪದ್ಧತಿ ಬದಲಾಯಿತು. ಟಾಪ್‌ಗೆ 25, ಟಾಪ್ ಸಿಗದೆ ಝೋನ್‌ವರೆಗೆ ಬಂದರೆ 10. ವಿಫಲವಾದ ಪ್ರತಿ ಪ್ರಯತ್ನಕ್ಕೆ 0.1 ಕಳೆಯುತ್ತಾರೆ. ಮೂರನೇ ಪ್ರಯತ್ನದಲ್ಲಿ ಟಾಪ್ ಮಾಡಿದರೆ 24.8. ಹಿಂದೆ ಮೊದಲು ಟಾಪ್‌ಗಳನ್ನು ಎಣಿಸಿ, ಸಮವಾದರೆ ಮಾತ್ರ ಝೋನ್ ನೋಡುತ್ತಿದ್ದರು. ಎರಡು ಸಮಸ್ಯೆಗಳನ್ನು ಮೊದಲ ಯತ್ನದಲ್ಲೇ ಮುಗಿಸಿ, ಉಳಿದೆರಡರಲ್ಲಿ ಏನೂ ಸಿಗದವನಿಗೆ ಈಗ 50. ಒಂದೇ ಟಾಪ್ ಮಾಡಿ, ಅದೂ ಎರಡನೇ ಯತ್ನದಲ್ಲಿ, ಉಳಿದ ಮೂರರಲ್ಲಿ ಮೊದಲ ಸಲವೇ ಝೋನ್ ಮುಟ್ಟಿದವನಿಗೆ 54.9. ಹಳೆಯ ಲೆಕ್ಕದಲ್ಲಿ ಮೊದಲನೆಯವನು ಮುಂದಿರುತ್ತಿದ್ದ, ಈಗ ಎರಡನೆಯವನು. ನಿಮ್ಮ ಸ್ಪರ್ಧೆಯಲ್ಲಿ ಯಾವ ಪದ್ಧತಿ ಎಂದು ಹಿಂದಿನ ದಿನದ ತಾಂತ್ರಿಕ ಸಭೆಯಲ್ಲಿ ಕೇಳಿಕೊಳ್ಳಿ, ಏಕೆಂದರೆ ಆಡುವ ರೀತಿಯೇ ಬದಲಾಗುತ್ತದೆ.

ಟಾಪ್ ಸಿಗಬೇಕಾದರೆ ಎರಡೂ ಕೈ ಕೊನೆಯ ಹೋಲ್ಡ್ ಮೇಲಿದ್ದು ದೇಹ ನಿಶ್ಚಲವಾಗಬೇಕು, ತೀರ್ಪುಗಾರರು ಒಪ್ಪಬೇಕು. ಮುಟ್ಟಿ ಜಿಗಿದುಬಿಟ್ಟರೆ ಅದು ಟಾಪ್ ಅಲ್ಲ. ಆರಂಭದಲ್ಲಿಯೂ ಗುರುತಿನ ಹೋಲ್ಡ್‌ಗಳ ಮೇಲೆ ಸ್ಥಿರವಾಗಿ ಕೂತೇ ಮೇಲೇಳಬೇಕು.

ಐಸೊಲೇಷನ್ ಕೋಣೆ

ಸೆಮಿಫೈನಲ್, ಫೈನಲ್‌ಗಳಲ್ಲಿ ರೂಟ್ ಯಾರಿಗೂ ಮುಂಚೆ ಕಾಣಬಾರದು. ಮೊದಲು ಹತ್ತಿದವರನ್ನು ನೋಡಿ ಕಲಿತರೆ ಕೊನೆಯವರಿಗೆ ಲಾಭ. ಹಾಗಾಗಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಇರಿಸುತ್ತಾರೆ. ಮೊಬೈಲ್ ಹೊರಗೆ. ಬಾಗಿಲು ಹಾಕುವ ಸಮಯ ಮುಂಚೆಯೇ ತಿಳಿಸಿರುತ್ತಾರೆ, ಐದು ನಿಮಿಷ ತಡವಾದರೂ ಆ ಸುತ್ತಿಗೆ ಪ್ರವೇಶವಿಲ್ಲ. ಆಮೇಲೆ ಎಲ್ಲರನ್ನೂ ಒಟ್ಟಿಗೆ ಕರೆತಂದು ಲೀಡ್ ರೂಟನ್ನು 6 ನಿಮಿಷ ನೆಲದಿಂದ ನೋಡಲು ಬಿಡುತ್ತಾರೆ. ಎಲ್ಲಿ ಯಾವ ಕೈ, ಎಲ್ಲಿ ನಿಂತು ಹಗ್ಗ ಹಾಕಬೇಕು, ಎಲ್ಲಿ ಕೈ ಕೊಡವಿ ದಣಿವಾರಿಸಿಕೊಳ್ಳಬಹುದು ಎಂಬುದನ್ನು ಗಾಳಿಯಲ್ಲಿ ಕೈಯಾಡಿಸುತ್ತಲೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು.

ಒಳಗೆ ಸರದಿಗೆ ಮೂರು ನಾಲ್ಕು ತಾಸು ಕಾಯಬೇಕಾಗಬಹುದು. ನೀರು, ಬಾಳೆಹಣ್ಣು, ಶೇಂಗಾ ಚಿಕ್ಕಿ, ಒಣ ಚಪಾತಿ ಜೊತೆಗಿರಲಿ. ಮಿರ್ಚಿ-ಮಂಡಕ್ಕಿಯನ್ನು ಸಂಜೆಗೆ ಇಟ್ಟುಕೊಳ್ಳುವುದು ಒಳ್ಳೆಯದು, ಎಣ್ಣೆ ಹತ್ತಿದ ಬೆರಳಿಗೆ, ಬೆವರು ಹೀರಲು ಹಚ್ಚುವ ಚಾಕ್ ಪುಡಿ ನಿಲ್ಲುವುದಿಲ್ಲ. ಸರದಿಗೆ 40 ನಿಮಿಷ ಮುಂಚೆ ಮೈ ಬಿಸಿ ಮಾಡಲು ಶುರು ಮಾಡಿ, ಕೊನೆಯ 10 ನಿಮಿಷ ಸುಮ್ಮನಿರುವುದು ರೂಢಿ. ತಣ್ಣಗಿನ ಮೊಳಕೈ ಕೆಳಗಿನ ಸ್ನಾಯುಗಳಿಂದ ಕಠಿಣ ರೂಟ್ ಶುರು ಮಾಡಿದರೆ ಎರಡೇ ನಿಮಿಷದಲ್ಲಿ ಕೈ ಕಲ್ಲಾಗುತ್ತದೆ, ಆಮೇಲೆ ಎಷ್ಟು ಕೊಡವಿದರೂ ಬಿಡುವುದಿಲ್ಲ.

ನಮ್ಮ ಬಂಡೆ ಕಲಿಸುವುದು, ಕಲಿಸದೇ ಬಿಡುವುದು

ತುಂಗಭದ್ರೆಯ ಎರಡೂ ದಡದ ಗುಂಡುಗಳು ಗ್ರಾನೈಟ್. ಮೇಲ್ಮೈಯ ಹರಳುಗಳು ಒರಟು. ಕಾಲಿನ ತುದಿಯನ್ನು ಎಷ್ಟು ಚಿಕ್ಕ ಉಬ್ಬಿನ ಮೇಲೂ ನಂಬಿ ನಿಲ್ಲುವುದು, ಬೆರಳ ತುದಿಯಲ್ಲಿ ತೂಗುವುದು, ಮೇಲಿನ ಅಂಚಿಗೆ ಮೈಯೆತ್ತಿ ಹತ್ತಿ ಕೂರುವುದು ಇಲ್ಲಿನ ಮಕ್ಕಳಿಗೆ ಬೇಗ ಬರುತ್ತದೆ. ಇದು ದೊಡ್ಡ ಬಂಡವಾಳ. ನಗರದ ಜಿಮ್‌ಗಳಲ್ಲೇ ಬೆಳೆದವರಲ್ಲಿ ಕಾಲಿನ ಈ ಜಾಣ್ಮೆ ಅಪರೂಪ.

ಕೊರತೆ ಬೇರೆ ಕಡೆ ಇದೆ. ಸ್ಪರ್ಧೆಯ ಗೋಡೆ ಬಹುಪಾಲು ಮುಂದಕ್ಕೆ ಬಾಗಿರುತ್ತದೆ. ಅಲ್ಲಿ ಹೊಟ್ಟೆ ಬಿಗಿಯಿಲ್ಲದಿದ್ದರೆ ಕಾಲು ಹಾರಿಹೋಗುತ್ತದೆ. ಕೆಲವು ಹೋಲ್ಡ್‌ಗಳ ಅರ್ಧ ಭಾಗ ಗಾಜಿನಂತೆ ನುಣುಪು, ಬೇಕೆಂದೇ ಹಾಗೆ ಮಾಡಿರುತ್ತಾರೆ. ಗ್ರಾನೈಟ್ ಮೇಲೆ ಎಲ್ಲಿ ಇಟ್ಟರೂ ಹಿಡಿಯುವ ಬೂಟು ಅಲ್ಲಿ ಜಾರುತ್ತದೆ. ಇನ್ನು ಓಡಿಬಂದು ಜಿಗಿದು ಹಿಡಿಯುವ, ಒಂದು ವಾಲ್ಯೂಮ್‌ನಿಂದ ಇನ್ನೊಂದಕ್ಕೆ ಹೆಜ್ಜೆ ಹಾರಿಸುವ ಚಲನೆಗಳು ಬಂಡೆಯಲ್ಲಿ ಸಿಗುವುದೇ ಕಡಿಮೆ.

ಅದಕ್ಕಿಂತ ದೊಡ್ಡ ಕೊರತೆ ಒಂದಿದೆ. ಬಂಡೆಯ ಮೇಲೆ ಒಂದೇ ಗುಂಡನ್ನು ತಿಂಗಳುಗಟ್ಟಲೆ ಪ್ರಯತ್ನಿಸಿ ಕೊನೆಗೆ ಗೆಲ್ಲಬಹುದು. ಸ್ಪರ್ಧೆಯಲ್ಲಿ ಹೊಸದನ್ನು ಮೊದಲ ಸಲವೇ ಸರಿಯಾಗಿ ಓದಬೇಕು. ಇದಕ್ಕೆ ಖರ್ಚಿಲ್ಲದ ಅಭ್ಯಾಸವಿದೆ. ವಾರಕ್ಕೊಂದು ದಿನ, ಎಂದೂ ಮುಟ್ಟದ ಐದು ಗುಂಡುಗಳನ್ನು ಆರಿಸಿ. ಎರಡು ನಿಮಿಷ ನೋಡುವುದು, ಯಾವ ಕೈ ಎಲ್ಲಿ ಎಂದು ಬಾಯಿಬಿಟ್ಟು ಹೇಳುವುದು, ನಾಲ್ಕು ನಿಮಿಷ ಹತ್ತುವುದು, ನಾಲ್ಕು ನಿಮಿಷ ಕೂರುವುದು. ಹೇಳಿದ್ದಕ್ಕೂ ಹತ್ತಿದ್ದಕ್ಕೂ ಎಲ್ಲಿ ವ್ಯತ್ಯಾಸವಾಯಿತು ಎಂದು ಜೊತೆಗಾರರು ಬರೆದಿಡಲಿ.

ಚರ್ಮದ ವಿಚಾರ ಮರೆಯಬೇಡಿ. ಗ್ರಾನೈಟ್ ಬೆರಳ ತುದಿಯನ್ನು ತೆಳುವಾಗಿಸುತ್ತದೆ. ಸ್ಪರ್ಧೆಗೆ ಮೂರು ನಾಲ್ಕು ದಿನ ಮುಂಚೆ ಬಂಡೆ ನಿಲ್ಲಿಸಿ, ಎದ್ದ ಚರ್ಮವನ್ನು ಸಣ್ಣ ಉಜ್ಜುಕಾಗದದಿಂದ ಸಮ ಮಾಡಿ. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವಾಗ ಬಂಡೆ ಕಾದು ಬೆರಳು ಬೆವರುತ್ತದೆ, ಹಿಡಿತ ಕುಸಿಯುತ್ತದೆ. ಆಗ ಬೆಳಗಿನ ಎಂಟರೊಳಗೆ ಮುಗಿಸುವುದೇ ಸರಿ.

ಮನೆಯಂಗಳದ ಹಲಗೆ

ಹತ್ತಿರದಲ್ಲಿ ಗೋಡೆಯಿಲ್ಲದಿದ್ದರೆ ಬಾಗಿದ ಹಲಗೆಯೊಂದನ್ನು ಊರಿನ ಬಡಗಿ, ವೆಲ್ಡರ್ ಸೇರಿಯೇ ಕಟ್ಟಬಹುದು. 8×4 ಅಡಿಯ, 18 ಮಿ.ಮೀ. ದಪ್ಪದ ಮೂರು ಪ್ಲೈವುಡ್ ಹಾಳೆಗಳನ್ನು ಅಡ್ಡಡ್ಡ ಜೋಡಿಸಿದರೆ 8 ಅಡಿ ಅಗಲ, 12 ಅಡಿ ಉದ್ದ. ಅದನ್ನು ನೇರ ಗೋಡೆಯಿಂದ 40 ಡಿಗ್ರಿ ಬಾಗಿಸಿದರೆ ನಿಲುವು ಸುಮಾರು 9 ಅಡಿ 2 ಅಂಗುಲ ಆಗುತ್ತದೆ, ತುದಿ 7 ಅಡಿ 9 ಅಂಗುಲ ಮುಂದೆ ಚಾಚುತ್ತದೆ. ಹಜಾರದ ಅಳತೆ ನೋಡಿಯೇ ಶುರು ಮಾಡಿ. 20 ಸೆಂ.ಮೀ. ಅಂತರಕ್ಕೆ 12 ಮಿ.ಮೀ. ರಂಧ್ರ ಕೊರೆದು ಹಿಂದಿನಿಂದ ಟಿ-ನಟ್ ಹಾಕಿದರೆ 200ಕ್ಕೂ ಹೆಚ್ಚು ಬೇಕಾಗುತ್ತವೆ. ಮುಳ್ಳಿನ ಟಿ-ನಟ್ ಕಾಲಕ್ರಮೇಣ ಸಡಿಲವಾಗಿ ಬೋಲ್ಟ್ ಜೊತೆ ಸುತ್ತತೊಡಗುತ್ತದೆ, ಆಮೇಲೆ ಬಿಚ್ಚಲೂ ಬರುವುದಿಲ್ಲ. ಸ್ಕ್ರೂ ಹಾಕಿ ಕೂರಿಸುವ ಬಗೆ ತುಸು ದುಬಾರಿ, ಆದರೆ ಬಾಳಿಕೆ ಬರುತ್ತದೆ.

ಹೋಲ್ಡ್‌ಗಳನ್ನು ಬೇವಿನ ಇಲ್ಲವೇ ಸಾಗುವಾನಿ ತುಂಡಿನಿಂದ ಮಾಡಿಸಬಹುದು. ಒಂದೇ ಬೋಲ್ಟ್ ಹಾಕಿದರೆ ತಿರುಗುತ್ತದೆ, ಪಕ್ಕದಲ್ಲೊಂದು ಸ್ಕ್ರೂ ಕೂಡ ಇರಲಿ. ಅಂಚನ್ನು ಉರುಟಾಗಿ ಉಜ್ಜಿಸಿ, ಚೂಪಿದ್ದರೆ ಬೆರಳ ಕೀಲು ಕೊಯ್ಯುತ್ತದೆ. ವಾರ್ನಿಷ್ ಬೇಡ. ಕೆಳಗೆ ಹಳೆಯ ಹಾಸಿಗೆಗಳನ್ನು ಸಂದಿಲ್ಲದಂತೆ ಕೂಡಿಸಿ ಹೊಲಿಸಿ, ಎರಡರ ನಡುವಿನ ಸಂದಿನಲ್ಲೇ ಕಾಲು ಉಳುಕುವುದು.

ಬೆಳೆಯುವ ಬೆರಳು

ಇದನ್ನು ತರಬೇತಿ ಕೊಡುವವರೂ ಮನೆಯವರೂ ತಿಳಿದಿರಲೇಬೇಕು. ಸುಮಾರು 13ರಿಂದ 16ನೇ ವಯಸ್ಸಿನಲ್ಲಿ ಮಕ್ಕಳು ಜಿಗಿದು ಬೆಳೆಯುತ್ತಾರೆ. ಆಗ ಬೆರಳ ಮೂಳೆಯ ಬೆಳೆಯುವ ಭಾಗ ಇನ್ನೂ ಮೃದು. ಕ್ರಿಂಪ್ ಮೇಲೆ ಅತಿಯಾಗಿ ತೂಗಿದರೆ, ಕೈಯಿಂದಲೇ ಮೇಲೆ ಮೇಲೆ ಜಿಗಿಯುವ ಕ್ಯಾಂಪಸ್ ಬೋರ್ಡ್ ಬಳಸಿದರೆ ಅಲ್ಲಿ ಬಿರುಕು ಬೀಳುತ್ತದೆ, ಹೆಚ್ಚಾಗಿ ಮಧ್ಯದ ಬೆರಳಿನಲ್ಲಿ. ಸದ್ದಾಗುವುದಿಲ್ಲ, ಒಮ್ಮೆಲೇ ನೋವೂ ಬರುವುದಿಲ್ಲ. ಬೆರಳ ನಡುಗೀಲಿನ ಬೆನ್ನ ಬದಿಯಲ್ಲಿ ಒತ್ತಿದರೆ ನೋವು, ವಾರಗಟ್ಟಲೆ ಹೋಗದ ಊತ ಇವೇ ಗುರುತು. ಟೇಪು ಸುತ್ತಿ ಮುಂದುವರಿಸಿದರೆ ಬೆರಳು ಸೊಟ್ಟ ಬೆಳೆಯಬಹುದು. ಹತ್ತುವುದನ್ನು ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ ಎಕ್ಸ್‌ರೇ ಮಾಡಿಸಬೇಕು. ಸಮಯಕ್ಕೆ ಗುರುತಿಸಿ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ಪೂರ್ತಿ ವಾಸಿಯಾಗುತ್ತದೆ.

ತೂಕ ಇಳಿಸಿದರೆ ಮೇಲೇರುವುದು ಸುಲಭ ಎಂದು ಊಟ ಬಿಡಿಸುವವರ ಮಾತು ಕೇಳಬೇಡಿ. ಬೆಳೆಯುವ ಮೂಳೆಗೆ ಊಟವೇ ಆಧಾರ.

ಎಲ್ಲಿ ಹತ್ತಬಾರದು

ಬಳ್ಳಾರಿ ಗುಡ್ಡದ ಕೋಟೆ, ರಾಯಚೂರು, ಮುದಗಲ್ ಕೋಟೆಗಳ ಗೋಡೆಗಳು, ಹಂಪಿ-ಆನೆಗೊಂದಿಯ ಗುಡಿ ಮಂಟಪಗಳು ಅಭ್ಯಾಸದ ಜಾಗವಲ್ಲ. 1958ರ ಪುರಾತನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇಲ್ಲವೇ ಎರಡೂ ಆಗಬಹುದು. ಪೂಜೆ ನಡೆಯುವ, ಚಿತ್ರ ಬರೆದ ಬಂಡೆಗಳಿಗೂ ಚಾಕ್ ಬಳಿಯಬೇಡಿ. ಈ ಗುಡ್ಡಗಳಲ್ಲಿ ಚಿರತೆ, ಕರಡಿಗಳಿವೆ, ಆದ್ದರಿಂದ ಸಂಜೆ ಕತ್ತಲಾಗುವ ಮುಂಚೆ ಇಳಿದಿರಬೇಕು.

ಪ್ರವೇಶದ ದಾರಿ

ದೇಶದಲ್ಲಿ ಈ ಆಟವನ್ನು ನಡೆಸುವುದು ನವದೆಹಲಿಯ ಇಂಡಿಯನ್ ಮೌಂಟನೇರಿಂಗ್ ಫೌಂಡೇಷನ್. ವಲಯ ಮಟ್ಟದ ಸ್ಪರ್ಧೆಗಳಲ್ಲಿ ಆಯ್ಕೆಯಾದವರು ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಾರೆ. ನಾವು ದಕ್ಷಿಣ ವಲಯ. ರಾಜ್ಯದಲ್ಲಿ ಕ್ರೀಡಾ ಇಲಾಖೆಯಡಿಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿ ನಡೆಸುತ್ತದೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಗೋಡೆ ರಾಜ್ಯದ ಕ್ಲೈಂಬರ್‌ಗಳಿಗೆ ಹಳೆಯ ಪರಿಚಯ.

ಪ್ರಕಟಣೆ ಬಂದಾಗ ಮೊದಲು ನೋಡಬೇಕಾದದ್ದು ವಯೋವರ್ಗ. ಅದನ್ನು ಸಾಮಾನ್ಯವಾಗಿ ಹುಟ್ಟಿದ ವರ್ಷದ ಮೇಲೆ ಲೆಕ್ಕ ಹಾಕುತ್ತಾರೆ, ತರಗತಿಯ ಮೇಲಲ್ಲ. ಆಧಾರ್‌ನಲ್ಲಿ ಒಂದು ತಾರೀಖು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಹಾಕುವ ಮುಂಚೆಯೇ ಸರಿಪಡಿಸಿಕೊಳ್ಳಿ, ನೋಂದಣಿ ಮೇಜಿನ ಮುಂದೆ ಅದಕ್ಕೆ ಪರಿಹಾರವಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಲಕರ ಒಪ್ಪಿಗೆ ಪತ್ರದ ಎರಡೆರಡು ಪ್ರತಿ ಇರಲಿ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬೆಳಿಗ್ಗೆ ನೇರ ಗೋಡೆಗೆ ಹೋಗುವಂತೆ ಟಿಕೆಟ್ ಮಾಡಿಸಬೇಡಿ. ಒಂದು ದಿನ ಮುಂಚೆ ತಲುಪಿದರೆ ನಿದ್ದೆಯೂ ಆಗುತ್ತದೆ, ತಾಂತ್ರಿಕ ಸಭೆಯೂ ಸಿಗುತ್ತದೆ.

ಹತ್ತುವಾಗ ಹೋಲ್ಡ್ ತಿರುಗಿದರೆ, ಮುರಿದರೆ ಅದನ್ನು ತಾಂತ್ರಿಕ ಅಡಚಣೆ ಎನ್ನುತ್ತಾರೆ. ಆ ಕ್ಷಣವೇ ಕೂಗಿ ಹೇಳಬೇಕು. ಹಿಡಿತ ಇನ್ನೂ ಇದ್ದರೂ ನಿಲ್ಲಿಸಿ ಹೊಸ ಅವಕಾಶ ಕೇಳಬಹುದು. ಮುಂದುವರಿದರೆ ಅದೇ ಕಾರಣ ಹೇಳಿ ಆಮೇಲೆ ದೂರು ಕೊಡಲು ಬರುವುದಿಲ್ಲ. ಫಲಿತಾಂಶದ ಮೇಲೆ ಆಕ್ಷೇಪವಿದ್ದರೆ ಪಟ್ಟಿ ಹಚ್ಚಿದ ಕೆಲವೇ ನಿಮಿಷಗಳಲ್ಲಿ, ಬರಹದಲ್ಲಿ, ಶುಲ್ಕದೊಂದಿಗೆ ಕೊಡಬೇಕಾಗುತ್ತದೆ. ಹಾಗಾಗಿ ತಂಡದ ಜೊತೆ ಹೋಗುವ ದೊಡ್ಡವರು ಒಂದು ಪೆನ್ನು, ಬಿಳಿ ಹಾಳೆ, ಆ ಶುಲ್ಕದ ನಗದನ್ನು ಜೇಬಿನಲ್ಲಿಟ್ಟುಕೊಂಡು ಫಲಿತಾಂಶದ ಫಲಕದ ಹತ್ತಿರವೇ ನಿಂತಿರಲಿ.